ನಾಚಿಕೆಯ ತೊಂದರೆ, ಹೊಸ ಚಿಕಿತ್ಸೆ

ತಾಯಂದಿರು ಬಾಯಿಬಿಟ್ಟು ಹೇಳಿಕೊಳ್ಳದ ಒಂದು ತೊಂದರೆಯನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಕೆಮ್ಮಿದಾಗ, ಸೀನಿದಾಗ, ತುಂಬಿದ ಕೊಡವನ್ನೆತ್ತಿದಾಗ, ಮನಸಾರೆ ನಕ್ಕಾಗ ಕೂಡ ತಡೆಯಲಾಗದೆ ಮೂತ್ರ ತೊಟ್ಟಿಕ್ಕುತ್ತದೆ. ಮದುವೆಮನೆಗೆ ಹೋಗಲು ಹಿಂಜರಿಯುವವರು, ಬಸ್ಸಿನ ಪ್ರಯಾಣವೆಂದರೆ ಬೆಳಗಿನಿಂದ ನೀರನ್ನೇ ಮುಟ್ಟದವರು ಎಷ್ಟೋ ಮಂದಿ. ‘ಹೆತ್ತವಳಿಗೆ ಇದೆಲ್ಲ ಇದ್ದದ್ದೇ’ ಎಂದು ಅತ್ತೆ ಸೊಸೆಗೆ ಹೇಳುವುದುಂಟು. ಬಹಳ ಮಂದಿಗೆ ಬರುವುದೇನೋ ನಿಜ. ಆದರೆ ಅನುಭವಿಸಿಯೇ ತೀರಬೇಕಾದದ್ದಲ್ಲ.

ಮೂತ್ರನಾಳದ ಸುತ್ತ ಬಳೆಯಂತೆ ಒಂದು ಸ್ನಾಯುವಿದೆ. ಕೆಮ್ಮಿದೊಡನೆ ಹೊಟ್ಟೆಯ ಒತ್ತಡ ಮೂತ್ರಕೋಶದ ಮೇಲೆ ಬೀಳುತ್ತದೆ. ಆಗ ಈ ಬಳೆ ಬಿಗಿಯಾಗಿ ತಡೆಯಬೇಕು. ಹೆರಿಗೆಯಿಂದಲೋ ವಯಸ್ಸಿನಿಂದಲೋ ಅದು ದುರ್ಬಲವಾದರೆ, ಇಲ್ಲವೆ ಅದಕ್ಕೆ ಆಸರೆಯಾದ ಸ್ನಾಯುಗಳು ಸಡಿಲಾದರೆ, ತಡೆ ಉಳಿಯದು. ಈ ಬಳೆಗೇ ಹೊಸ ಬಲ ಕೊಡಬಾರದೇಕೆ ಎಂಬುದು ವಿಜ್ಞಾನಿಗಳ ಯೋಚನೆ. ರೋಗಿಯ ತೊಡೆಯಿಂದ ಸ್ನಾಯುವಿನ ಒಂದು ಚೂರನ್ನು ತೆಗೆದು, ಅದರ ಜೀವಕೋಶಗಳನ್ನು ಪ್ರಯೋಗಶಾಲೆಯಲ್ಲಿ ಕೆಲವು ವಾರ ಬೆಳೆಸಿ, ಸೂಜಿಯ ಮೂಲಕ ಆ ಬಳೆಗೆ ಸೇರಿಸುವುದು.

ಕೇಳಲು ಸೊಗಸಾಗಿದೆ. 2007ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರಕ್ ನಗರದ ವೈದ್ಯರು ತಮಗೆ ಬಹಳ ಒಳ್ಳೆಯ ಫಲ ದೊರೆಯಿತೆಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಮರುವರ್ಷವೇ ಪತ್ರಿಕೆ ಆ ಲೇಖನವನ್ನು ಹಿಂತೆಗೆದುಕೊಂಡಿತು. ಪ್ರಯೋಗ ನಡೆಸಿದ ರೀತಿಯಲ್ಲೇ ಗಂಭೀರ ಲೋಪಗಳಿದ್ದುದು ಸರಕಾರಿ ತನಿಖೆಯಲ್ಲಿ ಹೊರಬಿದ್ದಿತ್ತು.

ಇನ್ನೊಂದು ಪ್ರಯೋಗದ ವರದಿ 2018ರಲ್ಲಿ ಬಂದಿತು. ಇದು ಕಟ್ಟುನಿಟ್ಟಿನದು. ಕೆಲವರಿಗೆ ಜೀವಕೋಶದ ಸೂಜಿ, ಉಳಿದವರಿಗೆ ಕೋಶವಿಲ್ಲದ ಬರಿಯ ದ್ರವ; ಯಾರಿಗೆ ಯಾವುದೆಂದು ರೋಗಿಗೂ ತಿಳಿಯದು, ವೈದ್ಯರಿಗೂ ತಿಳಿಯದು. 246 ಮಂದಿ ಬೇಕೆಂದಿದ್ದರು, 150ಕ್ಕೇ ನಿಲ್ಲಿಸಬೇಕಾಯಿತು. ಏಕೆ ಗೊತ್ತೆ? ಬರಿಯ ದ್ರವ ಪಡೆದವರಲ್ಲಿಯೂ ನಿರೀಕ್ಷೆಗೆ ಮೀರಿ ಗುಣ ಕಂಡಿತ್ತು! ಆ ಹೆಂಗಸರು ಸುಳ್ಳು ಹೇಳಿದರೆಂದಲ್ಲ. ಈ ತೊಂದರೆ ತಾನಾಗಿಯೇ ಏರಿಳಿಯುವುದುಂಟು. ಆರೈಕೆಯಿಂದಲೂ ಭರವಸೆಯಿಂದಲೂ ಹಗುರವೆನಿಸುವುದುಂಟು. ಆದ್ದರಿಂದಲೇ, ಗುಣವಾದವರ ಮಾತನ್ನಷ್ಟೆ ತೋರಿಸಿ ಈ ಚಿಕಿತ್ಸೆಗೆ ದುಡ್ಡು ಕೇಳುವವರು ಕಂಡರೆ, ಬರಿಯ ದ್ರವದೊಡನೆ ಹೋಲಿಸಿ ನೋಡಿದಿರಾ ಎಂದು ಧೈರ್ಯವಾಗಿ ಕೇಳಿರಿ. ವಿದ್ಯೆ ಇನ್ನೂ ಪರೀಕ್ಷೆಯ ಹಂತದಲ್ಲಿದೆ.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ. 1948ರಲ್ಲಿ ಅಮೆರಿಕದ ಡಾಕ್ಟರ್ ಆರ್ನಾಲ್ಡ್ ಕೆಗೆಲ್ ಪ್ರಚಾರಕ್ಕೆ ತಂದ ವ್ಯಾಯಾಮವೊಂದಿದೆ. ಮೂತ್ರವನ್ನು ತಡೆಹಿಡಿಯುವಂತೆ ಕೆಳಗಿನ ಸ್ನಾಯುಗಳನ್ನು ಕೆಲವು ಸೆಕೆಂಡು ಬಿಗಿದು, ಅಷ್ಟೇ ಹೊತ್ತು ಸಡಿಲಿಸುವುದು, ಉಸಿರು ಕಟ್ಟಕೂಡದು. ದಿನವೂ ಮೂರು ಹೊತ್ತು, ಕನಿಷ್ಠ ಮೂರು ತಿಂಗಳು. ಅಕ್ಕಿ ಆರಿಸುತ್ತ ಕುಳಿತಾಗಲೂ ಮಾಡಬಹುದು, ಪಕ್ಕದವರಿಗೆ ತಿಳಿಯುವುದೇ ಇಲ್ಲ. ಅನೇಕರು ಮೊದಮೊದಲು ಹೊಟ್ಟೆಯನ್ನೋ ತೊಡೆಯನ್ನೋ ಬಿಗಿಯುತ್ತಾರೆ. ಸರಿಯಾದ ಸ್ನಾಯು ಯಾವುದೆಂದು ಲೇಡಿ ಡಾಕ್ಟರರು ಒಮ್ಮೆ ತೋರಿಸಿಕೊಟ್ಟರೆ ಸಾಕು. ಇದರಿಂದಲೂ ಸಾಲದಿದ್ದರೆ ಶಸ್ತ್ರಚಿಕಿತ್ಸೆಯ ವಿಷಯವನ್ನೂ ಅವರೇ ತಿಳಿಸುತ್ತಾರೆ.