ಒಂಬತ್ತು ರಾತ್ರಿ, ಒಂಬತ್ತು ಕಾಯಕ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಆಡಿದ ಮಾತು)

 

ನವರಾತ್ರಿಗೆ ಇನ್ನು ಹದಿನೈದು ದಿನ ಉಳಿದಿದೆ. ಸಣ್ಣ ಮಕ್ಕಳಿರುವ ಮನೆಯಲ್ಲಿ ದಸರೆ, ದೀಪಾವಳಿ ಹೇಗಿರಬೇಕು ಎಂದು ನಾಲ್ಕು ಮಾತು ಆಡಲು ಗುರುಗಳು ಅಪ್ಪಣೆ ಕೊಟ್ಟಿದ್ದಾರೆ. ನಾನು ಪಂಡಿತಳಲ್ಲ. 32 ವರ್ಷ ಕನ್ನಡ ಶಾಲೆಯಲ್ಲಿ ಒಂದನೆಯ, ಎರಡನೆಯ ತರಗತಿಗೆ ಕಲಿಸಿದವಳು. ಈಗ ಇಬ್ಬರು ಮೊಮ್ಮಕ್ಕಳ ಅಜ್ಜಿ. ದೊಡ್ಡವಳಿಗೆ ಏಳು, ಸಣ್ಣವನಿಗೆ ನಾಲ್ಕು.

ಮೂರು ವರ್ಷದ ಹಿಂದೆ ನನ್ನ ಸೊಸೆ ಒಂದು ಮಾತು ಕೇಳಿದಳು. "ಅತ್ತಿ, ಘಟ ಇಡಬ್ಯಾಡ, ಗೊಂಬಿ ಕೂಡಿಸಬ್ಯಾಡ, ದೇವಿ ಪಾರಾಯಣ ಬ್ಯಾಡ ಅಂತೀರಿ. ಆತು, ಬಿಟ್ವಿ. ಹಂಗಾರ ನಮ್ಮ ಹುಡುಗರಿಗೆ ಹಬ್ಬ ಅಂತ ಏನ್ ಉಳೀತ್ರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂಬತ್ತು ದಿನವೂ ಮಕ್ಕಳು ಸಂಜೆಯಾದರೆ ಪಕ್ಕದ ಮನೆಯ ಗೊಂಬೆ ನೋಡಲು ಓಡುತ್ತಿದ್ದರು. ನಮ್ಮ ಮನೆಯಲ್ಲಿ ಟಿವಿ ಇತ್ತು, ಅಷ್ಟೇ. ಬೇಡದ್ದನ್ನು ಮನೆಯಿಂದ ತೆಗೆದಿದ್ದೆವು, ತೆಗೆದ ಜಾಗ ಬರಿದಾಗಿತ್ತು.

ಆ ವರ್ಷದಿಂದ ನಾವೊಂದು ರೂಢಿ ಹಾಕಿಕೊಂಡೆವು. ಒಂದು ರಾತ್ರಿಗೆ ಒಬ್ಬ ಶರಣರ ಕಥೆ, ಅವರ ಕಾಯಕದಲ್ಲಿ ಮಕ್ಕಳ ಕೈಗೆ ಎಟಕುವಷ್ಟು ಕೆಲಸ. ಮಡಿವಾಳ ಮಾಚಿದೇವರ ದಿನ ಇಬ್ಬರೂ ತಮ್ಮ ತಮ್ಮ ಕರವಸ್ತ್ರ ಒಗೆದರು. ಕರವಸ್ತ್ರಕ್ಕಿಂತ ಬಚ್ಚಲೇ ಹೆಚ್ಚು ತೊಯ್ದಿತು. ಅಂಬಿಗರ ಚೌಡಯ್ಯನವರ ದಿನ ಕಾಗದದ ದೋಣಿ. ನುಲಿಯ ಚಂದಯ್ಯನವರ ದಿನ ಪುಂಡಿನಾರು ತಂದು ಹಗ್ಗ ಹೊಸೆದೆವು. ಸೊಟ್ಟ ಹಗ್ಗ. ಆದರೂ ಅದು ಈಗಲೂ ಮೊಮ್ಮಗಳ ಪುಸ್ತಕದ ಕಟ್ಟಿಗೆ ಇದೆ. ಮೇದಾರ ಕೇತಯ್ಯನವರ ಬುಟ್ಟಿ ನಮ್ಮಿಂದ ಆಗಲಿಲ್ಲ. ಸಂತೆಗೆ ಕರೆದುಕೊಂಡು ಹೋಗಿ ಬಿದಿರು ಸೀಳುವ ತಾಯಿಯ ಮುಂದೆ ಅರ್ಧ ತಾಸು ಕೂರಿಸಿದೆ.

ಆಯ್ದಕ್ಕಿ ಲಕ್ಕಮ್ಮನವರ ಕಥೆ ಮಾತ್ರ ಎರಡು ಸಲ ಹೇಳಬೇಕಾಯಿತು. ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದದ್ದು, ಹೆಚ್ಚಿನದ್ದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಲಕ್ಕಮ್ಮ ಕಳಿಸಿದ್ದು ನಿಮಗೆಲ್ಲ ಗೊತ್ತು. ಕಥೆ ಮುಗಿದ ಮೇಲೆ ಸಣ್ಣವನು ತನ್ನ ತಟ್ಟೆಯಲ್ಲಿದ್ದ ಎರಡು ಕರ್ಚಿಕಾಯಿಯಲ್ಲಿ ಒಂದನ್ನು ಡಬ್ಬಿಗೆ ಹಾಕಿ ಬಂದ. ಹೆಚ್ಚು ಸಿಹಿ ತಿನ್ನಬೇಡ ಎಂದು ನಾವು ಹೇಳಿ ಹೇಳಿ ಸೋತಿದ್ದೆವು. (ಮಲಗುವ ಮುಂಚೆ ಹೋಗಿ ಮತ್ತೆ ತೆಗೆದುಕೊಂಡ, ಅದು ಬೇರೆ ಮಾತು.)

ತಾಯಂದಿರಿಗೆ ಒಂದೆರಡು ಎಚ್ಚರ. ಕಥೆ ಹತ್ತು ನಿಮಿಷ ದಾಟಬಾರದು. ಎಂಟರೊಳಗೆ ಊಟವಾಗಿ ಹಾಸಿಗೆ ಹಿಡಿಯಬೇಕು. ಹಬ್ಬದಲ್ಲಿ ಮಕ್ಕಳು ಹಟ ಮಾಡುವುದು ಬಹುಪಾಲು ನಿದ್ದೆಗೆಟ್ಟು. ನಾಲ್ಕು ವರ್ಷದ ಕೂಸನ್ನು ಪೂಜೆಗೆ ಗಂಟೆಗಟ್ಟಲೆ ಕೂರಿಸಬೇಡಿ. ಪಟಾಕಿಯ ವಿಷಯ ಹೆಚ್ಚು ಹೇಳುವುದಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟು ದೀಪಾವಳಿಗೆ ರಾತ್ರಿ 8ರಿಂದ 10ರವರೆಗೆ ಮಾತ್ರ ಎಂದು ಹೇಳಿತು. ನಮ್ಮ ಮನೆಯಲ್ಲಿ ಆ ಎರಡು ತಾಸೂ ಇಲ್ಲ. ಹಣತೆಗೆ ಬತ್ತಿ ಹೊಸೆಯುವ ಕೆಲಸ ಮಕ್ಕಳದು. ಬನ್ನಿಯನ್ನೂ ಟೊಂಗೆ ಮುರಿದು ತರಬೇಡಿ. ಮಳೆ ಹೋದರೂ ಹಸಿರಾಗಿ ನಿಲ್ಲುವ ಗಿಡ ಅದು, ನಮ್ಮ ಒಂದು ದಿನದ ಹಬ್ಬಕ್ಕೆ ಬೋಳಾಗಬಾರದು. ಮಕ್ಕಳ ಕೈಗೆ ಒಂದು ಹಿಡಿ ಎಲೆ ಸಾಕು.

ಇನ್ನು ಹರಳಯ್ಯನವರ ರಾತ್ರಿಯ ಮಾತು. ಇವತ್ತು ನಾನು ನಿಜವಾಗಿ ಹೇಳಬೇಕೆಂದು ಬಂದದ್ದು ಅದನ್ನೇ.

ಸಮಗಾರ ಹರಳಯ್ಯನವರ ಮನೆಗೂ ಮಧುವರಸರ ಮನೆಗೂ ಬೀಗತನವಾದದ್ದು, ಅದಕ್ಕಾಗಿ ಅವರು ಪ್ರಾಣ ತೆತ್ತದ್ದು ನಮ್ಮ ಪರಂಪರೆಯ ಎದೆಯಲ್ಲಿರುವ ನೋವು. ಬಸವಕಲ್ಯಾಣದಲ್ಲಿ ನವರಾತ್ರಿಯ ದಿನಗಳಲ್ಲೇ ಅವರನ್ನು ನೆನೆಯುತ್ತಾರೆ. ಆ ಕೊನೆಯನ್ನು ನಾನು ಇಷ್ಟು ಸಣ್ಣ ಮಕ್ಕಳಿಗೆ ಹೇಳಲಿಲ್ಲ. ಹತ್ತು ತುಂಬಲಿ, ಹೇಳುತ್ತೇನೆ. ಹರಳಯ್ಯ ಚಪ್ಪಲಿ ಮಾಡುತ್ತಿದ್ದರು, ಬಸವಣ್ಣನವರು ಅವರಿಗೆ ಶರಣು ಎಂದರು, ಇವರದು ಒಂದು ಶರಣಾದರೆ ಅವರದು ಎರಡು, ಇಷ್ಟೇ ಹೇಳಿದೆ. ಮೊಮ್ಮಗಳು ಕೇಳಿದಳು: "ಅಜ್ಜಿ, ಬಸ್‌ಸ್ಟ್ಯಾಂಡಿನ ಹತ್ರ ಚಪ್ಪಲಿ ಹೊಲಿಯೋ ಅಜ್ಜಗ ನಾವು ಬನ್ನಿ ಯಾಕ ಕೊಡಂಗಿಲ್ಲ?"

ಶರಣ ಬಂಧುಗಳೇ, ಈ ಹುಡುಗಿಯ ಅಪ್ಪ, ಅಂದರೆ ನನ್ನ ಮಗ, ಆರು ವರ್ಷದವನಿದ್ದಾಗ ಬನ್ನಿ ಹಿಡಿದು ಓಣಿಯೆಲ್ಲ ತಿರುಗಿ ಅದೇ ಮನೆಗೂ ಹೋಗಿ ಬಂದಿದ್ದ. ನಮ್ಮ ಅತ್ತೆಯವರು ಬಾಗಿಲಲ್ಲೇ ತಡೆದು ನಿಲ್ಲಿಸಿದರು. ಹೊರಗಿನ ಕಲ್ಲಿನ ಮೇಲೆ ನಿಲ್ಲಿಸಿ ಅವನ ತಲೆಯ ಮೇಲೆ ನೀರು ಸುರಿದವಳು ನಾನು. ನನ್ನ ಕೊರಳಲ್ಲಿ ಲಿಂಗ ಇತ್ತು. ಮರುದಿನ ಶಾಲೆಯಲ್ಲಿ ಬಸವಣ್ಣನವರ ಪಾಠವನ್ನೂ ಮಾಡಿದೆ. ಅವನು ಮತ್ತೆ ಎಂದೂ ಆ ಮನೆಯ ಕಡೆ ಹೋಗಲಿಲ್ಲ. ನಾನೂ ಹೋಗು ಎನ್ನಲಿಲ್ಲ.

ಹೋದ ವರ್ಷ ವಿಜಯದಶಮಿಯ ಸಂಜೆ ಇಬ್ಬರು ಮಕ್ಕಳ ಕೈಹಿಡಿದು ನಾನು ಹೋದೆ. ಆ ಯಜಮಾನರು ಎದ್ದು ನಿಂತರು, ಕೂರಿ ಎಂದರೂ ಕೂರಲಿಲ್ಲ. "ಬಂಗಾರದಂಗ ಇರೋಣ" ಎಂದು ಬನ್ನಿ ಕೊಟ್ಟ ಮೇಲೆ ಮೊಮ್ಮಗಳು ಎಲ್ಲ ಹಿರಿಯರಿಗೆ ಮಾಡುವಂತೆ ಅವರ ಕಾಲು ಮುಟ್ಟಲು ಬಗ್ಗಿದಳು. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. ಅವರ ಮನೆಯಾಕೆ ಪುಟಾಣಿ, ಬೆಲ್ಲ ತಂದುಕೊಟ್ಟರು. ಮಕ್ಕಳು ತಿಂದರು, ನಾನೂ ತಿಂದೆ. ಮಗನ ವಿಷಯ ಹೇಳಿ ಕ್ಷಮೆ ಕೇಳಬೇಕೆಂದು ಹೋಗಿದ್ದೆ, ಮಾತು ಬರಲಿಲ್ಲ. ಹೊರಡುವಾಗ ಅವರೇ ಕೇಳಿದರು: "ಈ ಸಲ ನೀವು ಬಂದ್ರಿ ಅಕ್ಕಾರ. ನಾವು ನಿಮ್ಮನಿಗೆ ಬಂದ್ರ ಒಳಗ ಕರೀತೀರೇನ್ರಿ?"

ಬರ್ರಿ ಎಂದು ಹೇಳಿ ಬಂದಿದ್ದೇನೆ. ಸುದ್ದಿ ತಿಳಿದು ನನ್ನ ವಾರಗಿತ್ತಿ ದೀಪಾವಳಿಗೆ ನಮ್ಮ ಮನೆಗೆ ಬರಲಿಲ್ಲ, ಇವತ್ತಿಗೂ ಮಾತಿಲ್ಲ. ಈ ವರ್ಷ ಅವರು ಬರುತ್ತಾರೆ, ಮೊನ್ನೆ ಹೋಗಿ ಕರೆದು ಬಂದೆ. ಪಡಸಾಲೆಯಲ್ಲಿ ಎಲ್ಲರಿಗೂ ಒಂದೇ ಸಾಲಿನಲ್ಲಿ ಎಲೆ ಹಾಕುವುದು ಎಂದು ಸೊಸೆ ಹೇಳಿದ್ದಾಳೆ. ನೀರು ಕೊಡುವ ಕೆಲಸ ತನ್ನದೇ ಎಂದು ಸಣ್ಣವನು ಈಗಲೇ ಚೊಂಬು ಎತ್ತಿಟ್ಟುಕೊಂಡಿದ್ದಾನೆ. ಮಗ ಮಾತ್ರ ಇನ್ನೂ ಏನೂ ಅಂದಿಲ್ಲ. ಆದರೆ ನಿನ್ನೆ ರಾತ್ರಿ, "ಅವ್ವ, ಅವರು ಎಷ್ಟು ಮಂದಿ ಬರ್ತಾರ?" ಎಂದು ಕೇಳಿದ.