ಕುವೈತು ನಮ್ಮ ಪಕ್ಕದ ದೇಶ ಯಾವಾಗ ಆಯ್ತು?

2023ರ ಜುಲೈ 4ರ ರಾತ್ರಿ, ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಭಾರತ ಸ್ಯಾಫ್ ಕಪ್ ಗೆದ್ದ ಮೇಲೆ ಕಂದಿಕೆರೆಯಿಂದ ನಮ್ಮ ದೊಡ್ಡಪ್ಪ ಫೋನ್ ಮಾಡಿದ್ರು. ಅಭಿನಂದನೆ ಅಲ್ಲ, ಪ್ರಶ್ನೆ. 'ಅಲ್ಲ ಕಣಮ್ಮ, ದಕ್ಷಿಣ ಏಷ್ಯಾ ಕಪ್ ಅಂತೀರ. ಕುವೈತು ನಮ್ಮ ಪಕ್ಕದ ದೇಶ ಯಾವಾಗ ಆಯ್ತು?'

ಸರಿಯಾದ ಪ್ರಶ್ನೆ. ಕುವೈತ್ ಮತ್ತು ಲೆಬನಾನ್ ಆ ಸಲ ಕರೆದ ಅತಿಥಿಗಳು. ಶ್ರೀಲಂಕಾವನ್ನು ಆಗ ಫಿಫಾ ಅಮಾನತು ಮಾಡಿತ್ತು, ಅಫ್ಘಾನಿಸ್ತಾನ ಯಾವತ್ತೋ ಮಧ್ಯ ಏಷ್ಯಾ ಗುಂಪಿಗೆ ಹೋಯ್ತು. ಇದಕ್ಕೂ ಮೊದಲು ಭುವನೇಶ್ವರದಲ್ಲಿ ಇಂಟರ್‌ಕಾಂಟಿನೆಂಟಲ್ ಕಪ್ ನಡೀತಲ್ಲ, ಅದು ಪೂರ್ತಿ ಕರೆಯೋಲೆ ಕಳಿಸಿ ಆಡಿಸಿದ ಟೂರ್ನಿ. ಮಂಗೋಲಿಯಾ, ವನುವಾಟು, ಲೆಬನಾನ್, ನಾವು. ಜೂನ್ 18ರ ಫೈನಲ್‌ನಲ್ಲಿ ಲೆಬನಾನ್ ವಿರುದ್ಧ 2-0. ಇಂಥವಕ್ಕೆ ಫ್ರೆಂಡ್ಲಿ ಅಂತ ಹೆಸರು. ಆ ಹೆಸರೇ ಅನ್ಯಾಯ ಮಾಡಿದೆ. ಸೌಹಾರ್ದ ಪಂದ್ಯ ಅಂದ ಕೂಡಲೇ ನಾವು, ಅಂದ್ರೆ ಸುದ್ದಿ ಚಾನೆಲ್‌ನವರು, ಅದನ್ನ 'ಸುಮ್ನೆ ಆಡೋದು' ಅಂತ ಅರ್ಥ ಮಾಡ್ಕೊಂಡು ಬುಲೆಟಿನ್‌ನ ಬಾಲಕ್ಕೆ ಹಾಕ್ತೀವಿ. ಭುವನೇಶ್ವರದ ಫೈನಲ್‌ಗೆ ನಾನೇ ಎರಡು ಸಾಲು ಓದಿ ಹವಾಮಾನಕ್ಕೆ ಹೋಗಿದ್ದೆ.

ಸುಮ್ನೆ ಆಡೋದಲ್ಲ ಅದು. ಇಂಜಿನಿಯರಿಂಗ್ ಓದಿದ್ದು ಎಲ್ಲಾದ್ರೂ ಉಪಯೋಗಕ್ಕೆ ಬರಲಿ, ಲೆಕ್ಕ ಹೇಳ್ತೀನಿ ಕೇಳಿ. 2018ರಿಂದ ಫಿಫಾ ರ‍್ಯಾಂಕಿಂಗ್ ಹೀಗೆ ನಡೆಯುತ್ತೆ: ನೀವು ಪಡೆದ ಫಲಿತಾಂಶದಿಂದ, ನಿಮ್ಮಿಂದ ನಿರೀಕ್ಷೆ ಇದ್ದ ಫಲಿತಾಂಶವನ್ನು ಕಳೆಯೋದು, ಉಳಿದದ್ದನ್ನು ಪಂದ್ಯದ ತೂಕದಿಂದ ಗುಣಿಸೋದು. ಗೆಲುವಿಗೆ 1, ಡ್ರಾಗೆ ಅರ್ಧ, ಕುವೈತ್ ವಿರುದ್ಧದ ಫೈನಲ್ ಥರ ಪೆನಾಲ್ಟಿಯಲ್ಲಿ ಗೆದ್ದರೆ ಮುಕ್ಕಾಲು. ವಿಶ್ವಕಪ್‌ನ ಕೊನೇ ಹಂತದ ಪಂದ್ಯಕ್ಕೆ ತೂಕ 60. ಫ್ರೆಂಡ್ಲಿಗೆ ಬರೀ 5, ಇಲ್ಲಾ 10. ಪುಡಿಗಾಸು ಅನ್ಸುತ್ತೆ. ಆದರೆ ವಿಶ್ವಕಪ್ ಮುಖವನ್ನೇ ನೋಡದ ದೇಶ ಪುಡಿಗಾಸಲ್ಲೇ ಸಂಸಾರ ನಡೆಸಬೇಕು. ಹಾಗೆ ಕೂಡಿಟ್ಟೇ 2023ರ ಜೂನ್ ಕೊನೆಯ ಪಟ್ಟಿಯಲ್ಲಿ ನಾವು 100ನೇ ಸ್ಥಾನಕ್ಕೆ ಬಂದಿದ್ದು.

2023ರ ಜುಲೈ ಕೊನೆಗೆ 2026ರ ವಿಶ್ವಕಪ್ ಅರ್ಹತಾ ಸುತ್ತಿನ ಡ್ರಾ ಇತ್ತು. ಏಷ್ಯಾದ 36 ತಂಡ, ನಾಲ್ಕು ನಾಲ್ಕರಂತೆ ಒಂಬತ್ತು ಗುಂಪು. ರ‍್ಯಾಂಕಿಂಗ್ ಪ್ರಕಾರ ಮೊದಲ 9 ತಂಡ ಒಂದು ಪಾತ್ರೆಗೆ, ಮುಂದಿನ 9 ಎರಡನೇ ಪಾತ್ರೆಗೆ. ನಾವು ಆ ಎರಡನೇ ಪಾತ್ರೆಯ ಅಂಚಲ್ಲಿ ನಿಂತಿದ್ವಿ. ಮೂರನೇದಕ್ಕೆ ಜಾರಿದ್ದರೆ ನಮ್ಮ ಗುಂಪಿನಲ್ಲಿ ನಮಗಿಂತ ದೊಡ್ಡವರು ಇಬ್ಬರು ಇರ್ತಿದ್ರು. ಗುಂಪಿನಿಂದ ಮುಂದೆ ಹೋಗ್ತಿದ್ದದ್ದೂ ಇಬ್ಬರೇ. ಸುಮ್ನೆ ಆಡಿದ ಆಟ ಇಲ್ಲಿಗೆ ಬಂದು ಮುಟ್ಟುತ್ತೆ.

ಪಾಕಿಸ್ತಾನದವರ ಕಥೆ ನೋಡಿ. ಮಾರಿಷಸ್‌ನಲ್ಲಿ ಇಂಥದ್ದೇ ನಾಲ್ಕು ದೇಶಗಳ ಟೂರ್ನಿ ಆಡಿ, ವೀಸಾ ತಡವಾಗಿ, ಪಂದ್ಯದ ದಿನವೇ ಬೆಂಗಳೂರಿಗೆ ಬಂದಿಳಿದರು. ಸಂಜೆ 4-0. ಛೆಟ್ರಿ ಮೂರು ಗೋಲು. ಗೆಲುವು ಗೆಲುವೇ, ಆದರೆ ನಿದ್ದೆಗೆಟ್ಟು ಬಂದವರ ಮೇಲೆ ನಾವು ಆ ರಾತ್ರಿ 'ಧೂಳೀಪಟ' ಅಂತ ಗ್ರಾಫಿಕ್ಸ್ ಹಾಕಿ ಕುಣಿದದ್ದು ಸ್ವಲ್ಪ ಜಾಸ್ತಿಯೇ ಆಯ್ತು.

ಫೈನಲ್‌ನ ಆಟ ಬೇರೆ. 14ನೇ ನಿಮಿಷಕ್ಕೇ ಕುವೈತ್ ಗೋಲು. 38ಕ್ಕೆ ಛಾಂಗ್ಟೆ ಸಮ ಮಾಡಿದ. ಆಮೇಲೆ ಹೆಚ್ಚುವರಿ ಸಮಯ ಮುಗಿದರೂ 1-1. ಪೆನಾಲ್ಟಿಯಲ್ಲಿ ಕೊನೆಗೆ ಗುರ್‌ಪ್ರೀತ್ ಎಡಕ್ಕೆ ಹಾರಿ ತಡೆದಾಗ 5-4. ಇಡೀ ಕಂಠೀರವ ಎದ್ದು ನಿಂತಿತ್ತು. ಅದಕ್ಕೆ ಐದು ವರ್ಷದ ಹಿಂದೆ, 2018ರ ಜೂನ್‌ನಲ್ಲಿ, ಮುಂಬೈಯಲ್ಲಿ ಇದೇ ಛೆಟ್ರಿ ಚೈನೀಸ್ ತೈಪೆ ಮೇಲೆ ಮೂರು ಗೋಲು ಹೊಡೆದಾಗ ನೋಡೋಕಿದ್ದವರು 2,569 ಜನ. ಬಂದು ನಮ್ಮನ್ನ ಬೈಯ್ಯಿರಿ, ಆದರೆ ಬನ್ನಿ ಅಂತ ವಿಡಿಯೋ ಮಾಡಿ ಕೇಳಿಕೊಂಡಿದ್ದ. ನಾಯಕನೊಬ್ಬ ಪ್ರೇಕ್ಷಕರನ್ನ ಬೇಡಿಕೊಳ್ಳೋ ಪರಿಸ್ಥಿತಿ ಬಂದದ್ದರಲ್ಲಿ ನಮ್ಮಂಥವರ ಪಾಲೂ ಇದೆ.

ಕನ್ನಡ ನೆಲಕ್ಕೆ ಈ ಆಟ ಹೊಸದೂ ಅಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ 1-2ರಲ್ಲಿ ಸೋತಾಗ ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಭಾರತ ನಾಲ್ಕನೇ ಸ್ಥಾನಕ್ಕೆ ಬಂದ 1956ರ ಮೆಲ್ಬರ್ನ್ ಒಲಿಂಪಿಕ್ಸ್ ತಂಡದಲ್ಲಿ ಕೆಂಪಯ್ಯ ಇದ್ದರು. ನಮ್ಮ ಡೆಸ್ಕ್‌ನಲ್ಲಿ ಈ ಎರಡು ಹೆಸರು ಕೇಳಿದರೆ ಒಬ್ಬರಿಗೂ ಗೊತ್ತಿರಲಿಲ್ಲ. ನನಗೂ ಮೊನ್ನೆ ಮೊನ್ನೆ ಗೊತ್ತಾಗಿದ್ದು.

ನಮ್ಮೂರ ಕಡೆ ಕ್ರಿಕೆಟ್ ಯಾಕೆ ಗೆದ್ದಿತು ಅಂತ ಯೋಚಿಸಿದ್ದೀನಿ. ತೆಂಗಿನ ಮಟ್ಟೆ ಕೆತ್ತಿದರೆ ಬ್ಯಾಟ್ ಆಯ್ತು. ಅಂದ್ರೆ ಬ್ಯಾಟ್ ಮರದಲ್ಲೇ ಬೆಳೀತಿತ್ತು. ಫುಟ್ಬಾಲ್‌ಗೆ ದುಡ್ಡು ಕೊಟ್ಟು ಚೆಂಡು ತರಬೇಕು, ಬಯಲು ಬೇಕು. ತೋಟದಲ್ಲಿ ಹತ್ತು ಹೆಜ್ಜೆಗೊಂದು ಮರ. ನಾನು ಓದಿದ ಶಾಲೆಯಲ್ಲಿ ಒಂದು ಚೆಂಡಿತ್ತು, ಹಾಳಾಗುತ್ತೆ ಅಂತ ಬೀರುವಿನಲ್ಲಿಟ್ಟು ಬೀಗ ಹಾಕಿದ್ರು. ಗಾಜಿನಾಚೆ ಅದರ ಗಾಳಿ ಇಳಿಯೋದನ್ನ ನೋಡ್ತಾ ನಾವು ಹೈಸ್ಕೂಲ್ ಮುಗಿಸಿದ್ವಿ.

ಇದನ್ನೆಲ್ಲ ದೊಡ್ಡಪ್ಪನಿಗೆ ಹೇಳಿದೆ. ಪೂರ್ತಿ ಕೇಳಿಸ್ಕೊಂಡ್ರು. ಪೆನಾಲ್ಟಿ ತಡೆದ ಹುಡುಗ ಬಲು ಉದ್ದ ಇದ್ದಾನೆ, ಏಣಿ ಇಲ್ದೆ ಕಾಯಿ ಕೀಳ್ತಾನೆ ಅಂದ್ರು. ಆಮೇಲೆ ಕೇಳಿದ್ರು: '2023ಕ್ಕೆ ಬೆಂಬಲ ಬೆಲೆ 11,750 ಅಂದ್ರು, ತಿಪಟೂರಲ್ಲಿ ಕೊಬ್ಬರಿನ ಆ ರೇಟಿಗೆ ಯಾರು ಕೇಳಿದ್ರು? ಅದ್ರ ಬಗ್ಗೆ ಯಾವಾಗ ಮಾತಾಡ್ತೀಯ?'

ನಾಳೆ ದೊಡ್ಡಪ್ಪ, ಇದೇ ಹೊತ್ತಿಗೆ.