ಸಮ್ಮೇಳನಕ್ಕೆ ಬರುವ ನೆಂಟರು: ಪ್ರಯಾಣ, ವಸತಿ, ಊರು ನೋಡುವುದು

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘ ಬೆಳೆದು ಬಂದ ದಾರಿಯ ಬಗ್ಗೆ ನಾಲ್ಕು ಮಾತಾಡಿ ಅಂತ ಕಾರ್ಯದರ್ಶಿಗಳು ಹೇಳಿದ್ದರು. ಅದನ್ನು ಅವರೇ ವರದಿಯಲ್ಲಿ ಲೆಕ್ಕದ ಸಮೇತ ಬರೆದಿದ್ದಾರೆ. ಅದನ್ನೇ ನಾನು ಮತ್ತೆ ಓದಿದರೆ ನಿಮಗೆ ಊಟದ ಹೊತ್ತು ತಪ್ಪುತ್ತದೆ. ಆದ್ದರಿಂದ ಬೇರೆ ವಿಷಯ ಎತ್ತಿಕೊಳ್ಳುತ್ತೇನೆ. ಒಕ್ಕೂಟದ ಸಮ್ಮೇಳನವನ್ನು ಒಂದು ಸಲ ನಮ್ಮ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲೇ ನಡೆಸಬೇಕು, ಹೊರ ಜಿಲ್ಲೆಯ ಸಂಘಗಳವರನ್ನೂ ಕರೆಯಬೇಕು ಅಂತ ನಾವು ಕೇಳುತ್ತಾ ಇದ್ದೇವೆ. ಕೇಳೋದು ಸುಲಭ. ಬಂದವರನ್ನು ಎಲ್ಲಿ ಇಳಿಸೋದು, ಎಲ್ಲಿ ಮಲಗಿಸೋದು, ಏನು ತೋರಿಸೋದು? ಇದನ್ನು ಈಗಲೇ ಯೋಚಿಸದೆ ಇದ್ದರೆ ಆಮೇಲೆ ನಗೆಪಾಟಲಾಗುತ್ತದೆ.

ಮೊದಲನೇ ತೊಂದರೆ ನಮ್ಮ ಜಿಲ್ಲೆಯ ಹೆಸರಿನದೇ. 1986ರಲ್ಲಿ ಬೆಂಗಳೂರು ಗ್ರಾಮಾಂತರ ಅಂತ ಜಿಲ್ಲೆ ಆಯಿತು. ಆದರೆ ಆ ಹೆಸರಿನ ಊರು ಎಲ್ಲೂ ಇಲ್ಲ. ಎಷ್ಟೋ ವರ್ಷ ಜಿಲ್ಲಾಧಿಕಾರಿಗಳ ಕಚೇರಿಯೇ ಬೆಂಗಳೂರು ನಗರದ ವಿಶ್ವೇಶ್ವರಯ್ಯ ಗೋಪುರದ ಹತ್ತಿರ ಇತ್ತು. ಆಮೇಲೆ ದೇವನಹಳ್ಳಿ–ದೊಡ್ಡಬಳ್ಳಾಪುರ ರಸ್ತೆಯ ಬೀರಸಂದ್ರಕ್ಕೆ ಜಿಲ್ಲಾಡಳಿತ ಭವನ ಬಂತು. 2025ರ ಜುಲೈನಲ್ಲಿ ನಂದಿ ಬೆಟ್ಟದ ಮೇಲೆ ನಡೆದ ಸಚಿವ ಸಂಪುಟ ಸಭೆ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು ತೀರ್ಮಾನಿಸಿತು. ಹೆಸರು ಏನೇ ಇರಲಿ, ಆಹ್ವಾನ ಪತ್ರಿಕೆಯಲ್ಲಿ ಜಿಲ್ಲೆಯ ಹೆಸರು ಮಾತ್ರ ಹಾಕಿದರೆ ಬೀದರಿನಿಂದ ಬಂದವರು ಮೆಜೆಸ್ಟಿಕ್ಕಿನಲ್ಲಿ ಇಳಿದು "ಗ್ರಾಮಾಂತರ ಯಾವ ಕಡೆ ರೀ" ಅಂತ ಕೇಳಿಕೊಂಡು ನಿಲ್ಲಬೇಕಾಗುತ್ತದೆ. ಊರಿನ ಹೆಸರು, ಇಳಿಯಬೇಕಾದ ಸ್ಟಾಪು, ಫೋನ್ ಎತ್ತುವವರ ಹೆಸರು ದಪ್ಪಕ್ಷರದಲ್ಲಿ ಇರಲಿ. ಗಣ್ಯರ ಹೆಸರು ಸಣ್ಣಕ್ಷರದಲ್ಲಿದ್ದರೂ ನಡೆಯುತ್ತದೆ.

ಮೆಜೆಸ್ಟಿಕ್ಕಿಗೆ ಎಲ್ಲರೂ ಬರಲೇಬೇಕು ಅಂತೇನಿಲ್ಲ. ಅಲ್ಲಿಂದ ನಮಗೆ ಸುಮಾರು 40 ಕಿ.ಮೀ. ದೂರ. ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡರೆ ಉದ್ಘಾಟನೆ ಮುಗಿದಿರುತ್ತದೆ. ಕಲಬುರಗಿ, ರಾಯಚೂರು ಕಡೆಯಿಂದ ಗುಂತಕಲ್, ಹಿಂದೂಪುರದ ಮೇಲೆ ಬರುವ ರೈಲು ನಮ್ಮ ಊರಿನ ಹಳಿಯ ಮೇಲೇ ಹಾದುಹೋಗುತ್ತದೆ. ಇಲ್ಲಿ ನಿಲ್ಲುವ ಗಾಡಿಯಾದರೆ ಸರಿ, ಇಲ್ಲದಿದ್ದರೆ ಯಲಹಂಕದಲ್ಲಿ ಇಳಿದು ಬಸ್ಸು ಹತ್ತಲಿ. ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ ಕಡೆಯಿಂದ ಬಸ್ಸಿನಲ್ಲಿ ಬರುವವರು ದಾಬಸ್‌ಪೇಟೆಯಲ್ಲೇ ಇಳಿಯಬಹುದು. ಕೋಲಾರದವರಿಗೆ ಹೊಸಕೋಟೆ, ಹಾಸನದವರಿಗೆ ನೆಲಮಂಗಲ. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಸೂಲಿಬೆಲೆ, ಹೊಸಕೋಟೆ ಇವಿಷ್ಟನ್ನೂ ಒಂದೇ ರಸ್ತೆ ಹಾರದ ಹಾಗೆ ಪೋಣಿಸಿದೆ. ಈಗ ಅದೇ ಜಾಡಿನಲ್ಲಿ ದೊಡ್ಡ ರಿಂಗ್ ರಸ್ತೆಯೂ ಬಂದಿದೆ. ಅದು ಊರುಗಳನ್ನು ತಪ್ಪಿಸಿ ಓಡುತ್ತದೆ, ಆದ್ದರಿಂದ ಕಾರಿನಲ್ಲಿ ಬರುವವರಿಗೆ ಎಲ್ಲಿ ಕೆಳಗಿಳಿಯಬೇಕು ಅನ್ನೋದನ್ನು ಬರೆದು ತಿಳಿಸಬೇಕು. ಮೈಸೂರು, ಚಾಮರಾಜನಗರದವರಿಗೆ ಮಾತ್ರ ಬೆಂಗಳೂರನ್ನು ದಾಟುವ ಕರ್ಮ ತಪ್ಪಿದ್ದಲ್ಲ. ಅವರು ಹಿಂದಿನ ರಾತ್ರಿಯೇ ಬಂದುಬಿಡುವುದು ವಾಸಿ.

ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಗುರುತಿನ ಚೀಟಿ ತರಲು ಮರೆಯಬೇಡಿ ಅಂತ ಪತ್ರದಲ್ಲಿ ಒಂದು ಸಾಲು ಹಾಕಿದರಾಯಿತು. ಆದರೆ ಬಸ್ಸು ಪುಕ್ಕಟೆ ಆದ ಮಾತ್ರಕ್ಕೆ ನಮ್ಮ ಅಕ್ಕಂದಿರು ಸಮ್ಮೇಳನಕ್ಕೆ ಬರ್ತಾರೆ ಅಂತ ತಿಳಿಯಬೇಡಿ. ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡದ್ದು ಇದನ್ನೇ.

ಹಸು ಮೇಯಿಸುವವರು, ಹುಲ್ಲು ಹೊರುವವರು, ಸೆಗಣಿ ಬಾಚುವವರು, ಹಾಲು ಕರೆಯುವವರು ಬಹುಪಾಲು ಹೆಂಗಸರು. ಸ್ಟೆಪ್ ಯೋಜನೆಯ ಕಾಲದಿಂದ ಮಹಿಳಾ ಸಂಘಗಳೂ ಬಂದವು, ಹೆಣ್ಣುಮಕ್ಕಳು ಅಧ್ಯಕ್ಷರೂ ಆದರು. ಆದರೆ ಸಮ್ಮೇಳನದ ಸಭಾಂಗಣದಲ್ಲಿ ಕೂತು ನೋಡಿ, ಎಲ್ಲಾ ಪಂಚೆ ಪ್ಯಾಂಟುಗಳೇ. ಅಧ್ಯಕ್ಷರ ಕುರ್ಚಿಯಲ್ಲಿ ಅಧ್ಯಕ್ಷರ ಯಜಮಾನರು! ಹೀಗೇಕೆ ಅಂತ ಕೇಳಿದರೆ "ಅವರಿಗೆ ಆಸಕ್ತಿ ಇಲ್ಲ" ಅಂತಾರೆ. ಅದು ಸುಳ್ಳು ಕಣ್ರಪ್ಪ. ಹಿಂದೆ ನಾನು ಒಂದು ಊರಿನ ಸಮ್ಮೇಳನಕ್ಕೆ ಹೋಗಿದ್ದೆ. ಊರಿನ ಹೆಸರು ಬೇಡ. ಹೆಂಗಸರಿಗೆ ಕೊಟ್ಟಿದ್ದು ಸ್ಟೇಜಿನ ಪಕ್ಕದ ವಧುವಿನ ಕೋಣೆ. ಬಾಗಿಲಿಗೆ ಚಿಲಕ ಇಲ್ಲ, ಶೌಚಾಲಯ ಕಟ್ಟಡದ ಹಿಂದೆ, ದಾರಿಗೆ ದೀಪ ಇಲ್ಲ. ಒಬ್ಬ ವಯಸ್ಸಾದ ತಾಯಿ ರಾತ್ರಿಯೆಲ್ಲಾ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಬೆಳಗ್ಗೆ ಚರ್ಚೆ ಶುರುವಾಗುವ ಹೊತ್ತಿಗೆ ಆಕೆ ಮೊದಲನೇ ಬಸ್ಸಿಗೇ ಊರಿಗೆ ಹೊರಟುಬಿಟ್ಟಿದ್ದರು. ಮೇವಿನ ಬೆಲೆಯ ಬಗ್ಗೆ ಆಕೆ ಹೇಳಬೇಕೆಂದಿದ್ದ ಮಾತು ಯಾವ ನಡವಳಿಯಲ್ಲೂ ಬರಲಿಲ್ಲ.

ಇನ್ನೊಂದು ಸಂಗತಿ, ಹಸುವಿಗೆ ಸಮ್ಮೇಳನ ಗೊತ್ತಿಲ್ಲ. ಬೆಳಗ್ಗೆ ಸಂಜೆ ಕೆಚ್ಚಲು ತುಂಬುತ್ತದೆ, ಕರೆಯಲೇಬೇಕು. ಎರಡು ದಿನ ಸಭೆ ಅಂದರೆ ಹೋಗಿಬರೋದು ಸೇರಿ ಆರೇಳು ಹೊತ್ತಿನ ಹಾಲು. ಅಷ್ಟು ಹೊತ್ತು ಬೇರೆ ಕೈಗೆ ಹಸು ಒಗ್ಗಬೇಕು. ಗಂಡಸು ಹೋದರೆ ಹೆಂಡತಿ ಕರೆಯುತ್ತಾಳೆ. ಹೆಂಡತಿ ಹೋದರೆ? ಪ್ರಯಾಣ ಭತ್ಯೆ ಕೊಡುತ್ತೇವೆ, ದಿನಭತ್ಯೆ ಕೊಡುತ್ತೇವೆ. ಅದರ ಜೊತೆಗೆ ಹಾಲು ಕರೆಯುವ ಆಳಿನ ಕೂಲಿಯನ್ನೂ ಸಂಘವೇ ಕೊಡಲಿ ಎಂಬುದು ನನ್ನ ಸಲಹೆ. ದೊಡ್ಡ ಮೊತ್ತವೇನಲ್ಲ. ಬೆಳ್ಳಿಹಬ್ಬದ ಹಾರ ತುರಾಯಿಯ ಖರ್ಚಿನಲ್ಲಿ ಅರ್ಧ ಉಳಿಸಿದರೂ ಸಾಕಾದೀತು.

ಇನ್ನು ವಸತಿ. ಟೌನಿನ ಲಾಡ್ಜುಗಳಲ್ಲಿ ಎಲ್ಲರಿಗೂ ಜಾಗ ಸಾಲದು. ವಿಮಾನ ನಿಲ್ದಾಣದ ಸುತ್ತ ದೊಡ್ಡ ದೊಡ್ಡ ಹೋಟೆಲ್ಲುಗಳಿವೆ. ಅಲ್ಲಿನ ಒಂದು ರಾತ್ರಿಯ ಬಾಡಿಗೆಗೆ ಎಷ್ಟು ಮೂಟೆ ಹಿಂಡಿ ಬರುತ್ತದೆ ಅಂತ ಲೆಕ್ಕ ಹಾಕಿದರೆ ನಿದ್ದೆ ಬರೋಲ್ಲ. ನಮಗೆ ಒದಗೋದು ಕಲ್ಯಾಣ ಮಂಟಪ, ಘಾಟಿ ಸುಬ್ರಹ್ಮಣ್ಯದ ಛತ್ರಗಳು, ಮತ್ತು ನಮ್ಮ ಮನೆಗಳು. ಮಂಟಪ ಬೇಕಾದರೆ ದಿನ ಗೊತ್ತುಮಾಡುವ ಮೊದಲು ಪಂಚಾಂಗ ನೋಡಿ. ಸಹಕಾರ ಸಪ್ತಾಹ ನವೆಂಬರ್ 14ರಿಂದ 20ರವರೆಗೆ. ಆಗ ರಾಗಿ ಕೊಯ್ಲು, ಜೊತೆಗೆ ಕಾರ್ತಿಕದ ಮದುವೆಗಳು. ಆಷಾಢದಲ್ಲಿ ಮಂಟಪ ಖಾಲಿ, ಬಾಡಿಗೆಯೂ ಕಡಿಮೆ, ಆದರೆ ರಾಗಿ ಬಿತ್ತನೆ ಬಿಟ್ಟು ಯಾರು ಬರ್ತಾರೆ? ಧನುರ್ಮಾಸವೇ ಅನುಕೂಲ. ಮದುವೆ ಇಲ್ಲ, ಕೊಯ್ಲು ಮುಗಿದಿರುತ್ತದೆ, ಅವರೆಕಾಯಿ ಸೊಗಡು ಬಂದಿರುತ್ತದೆ. ಹಿತಕಿದ ಬೇಳೆ ಸಾರು, ಮುದ್ದೆ ಹಾಕಿದರೆ ಬಂದವರು ಹತ್ತು ವರ್ಷ ನೆನೆಯುತ್ತಾರೆ. ಉತ್ತರ ಕರ್ನಾಟಕದವರಿಗೆ ಮುದ್ದೆ ನುಂಗಲು ಬರೋಲ್ಲ, ಅಗಿದು ಅಗಿದು ಸುಸ್ತಾಗ್ತಾರೆ. ಅವರಿಗೆ ಜೋಳದ ರೊಟ್ಟಿ ಮಾಡಿಸಿ. ಚಳಿ ಜಾಸ್ತಿ, ಕಂಬಳಿ ಬೇಕು. ಘಾಟಿ ರಥೋತ್ಸವ ಪುಷ್ಯ ಶುದ್ಧ ಷಷ್ಠಿಗೆ. ಆ ನಾಲ್ಕು ದಿನ ಮಾತ್ರ ಅಲ್ಲಿನ ಛತ್ರಗಳ ಆಸೆ ಬೇಡ.

ಹೆಂಗಸರನ್ನು ಮಾತ್ರ ಮನೆಗಳಲ್ಲೇ ಇಳಿಸಿಕೊಳ್ಳೋಣ. ಬಿಸಿನೀರು, ಚಿಲಕ ಇರುವ ಬಚ್ಚಲು, ಮಾತಿಗೆ ಮನೆಯವರು. ಬೆಳಗ್ಗೆ ನಮ್ಮ ಕೊಟ್ಟಿಗೆ ನೋಡ್ತಾರೆ, ಯಾವ ಹುಲ್ಲು ಹಾಕ್ತೀರಿ, ಎಷ್ಟು ಫ್ಯಾಟು ಬರುತ್ತೆ ಅಂತ ಕೇಳ್ತಾರೆ. ಅರ್ಧ ಸಮ್ಮೇಳನ ಅಲ್ಲೇ ಆಗಿಹೋಗುತ್ತದೆ.

ಊರು ತೋರಿಸುವ ವಿಚಾರಕ್ಕೆ ಬರೋಣ. ಎಲ್ಲರನ್ನೂ ಒಂದೇ ಬಸ್ಸಿಗೆ ತುಂಬಿ ನಂದಿ ಬೆಟ್ಟಕ್ಕೆ ಕರೆದುಕೊಂಡು ಹೋಗೋದು ರೂಢಿ. ನಂದಿ ಒಳ್ಳೆಯದೇ. 1986ರ ನವೆಂಬರಿನಲ್ಲಿ ಸಾರ್ಕ್ ದೇಶಗಳ ನಾಯಕರೇ ಅಲ್ಲಿಗೆ ಬಂದಿದ್ದರು. ಆದರೆ ಅದು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ್ದು, ಭಾನುವಾರ ವಾಹನಗಳ ಸಾಲೇ ಅರ್ಧ ದಿನ ತಿನ್ನುತ್ತದೆ. ನನ್ನ ಮಾತು ಕೇಳೋದಾದರೆ, ಯಾರು ಯಾವ ದಿಕ್ಕಿಗೆ ಹೊರಡುತ್ತಾರೋ ಆ ದಾರಿಯಲ್ಲಿರೋದನ್ನು ತೋರಿಸಿ ಕಳಿಸಿ. ಸಂಜೆ ಹಾಲಿಗಲ್ಲದಿದ್ದರೂ ರಾತ್ರಿ ಊಟಕ್ಕೆ ಮನೆ ಸೇರುತ್ತಾರೆ.

ತುಮಕೂರು ದಿಕ್ಕಿನವರಿಗೆ ನೆಲಮಂಗಲ ತಾಲ್ಲೂಕಿನ ಶಿವಗಂಗೆ. ಹೊಯ್ಸಳರ ರಾಣಿ ಶಾಂತಲೆ 1131ರಲ್ಲಿ ಪ್ರಾಣ ಬಿಟ್ಟದ್ದು ಅಲ್ಲೇ. ಗಂಗಾಧರೇಶ್ವರನ ಲಿಂಗಕ್ಕೆ ತುಪ್ಪ ಸವರಿದರೆ ಬೆಣ್ಣೆಯಾಗುತ್ತದೆ ಎಂದು ಭಕ್ತರ ನಂಬಿಕೆ. ಬೆಣ್ಣೆ ಕಾಯಿಸಿ ತುಪ್ಪ ಮಾಡೋರು ನಾವು, ದೇವರದು ಉಲ್ಟಾ ಲೆಕ್ಕ! ಮೊಣಕಾಲು ನೋವಿನವರನ್ನು ಕೆಳಗಿನ ದೇವಸ್ಥಾನಕ್ಕೇ ನಿಲ್ಲಿಸಿ.

ಕೋಲಾರ ದಿಕ್ಕಿನವರಿಗೆ ದೇವನಹಳ್ಳಿ. ಅಲ್ಲಿನ ಕೋಟೆಯನ್ನು 1501ರಲ್ಲಿ ಆವತಿಯ ಮಲ್ಲಬೈರೇಗೌಡರು ಮಣ್ಣಿನಲ್ಲಿ ಕಟ್ಟಿಸಿದರು, ಆಮೇಲೆ ಕಲ್ಲಿನದಾಯಿತು, 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯದ ಪಾಲಾಯಿತು. ಟಿಪ್ಪು ಸುಲ್ತಾನ್ ಹುಟ್ಟಿದ ಜಾಗವೂ ಅಲ್ಲೇ ಪಕ್ಕದಲ್ಲಿದೆ, ಕೋಟೆಯೊಳಗೆ ವೇಣುಗೋಪಾಲಸ್ವಾಮಿ ಗುಡಿ. ಚಕ್ಕೋತದ ಕಾಲವಾದರೆ ಒಂದೊಂದು ಹಣ್ಣು ಕೈಗಿಡಿ. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಆ ಮರಗಳು ಕಡಿಮೆಯಾಗಿವೆ, ಮುಂದೆ ತೋರಿಸಲೂ ಸಿಗದೆ ಹೋಗಬಹುದು. ಪಕ್ಕದ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆ ಭೂಸ್ವಾಧೀನದ ವಿರುದ್ಧ 2022ರಿಂದ ಮೂರು ವರ್ಷಕ್ಕೂ ಮೇಲೆ ಕೂತು, 2025ರ ಜುಲೈ 15ರಂದು ಸರ್ಕಾರ ಅದನ್ನು ಕೈಬಿಡುವಂತೆ ಮಾಡಿದರು. ಆ ಹೊಲಗಳನ್ನು ಬಸ್ಸಿನ ಕಿಟಕಿಯಿಂದಲಾದರೂ ತೋರಿಸಬೇಕು. ಹುಲ್ಲು ಬೆಳೆಯಲು ನೆಲವೇ ಇಲ್ಲದಿದ್ದರೆ ಡೇರಿ ಎಲ್ಲಿಂದ?

ಹೊಸಕೋಟೆಯ ಬೆಳಗಿನ ಜಾವದ ಬಿರಿಯಾನಿಯನ್ನು ಕಾರ್ಯಕ್ರಮದ ಪಟ್ಟಿಯಲ್ಲಿ ಹಾಕೋದು ಬೇಡ. ಹೋಗುವವರು ಹೇಗೂ ಹೋಗ್ತಾರೆ.

ನಮ್ಮ ದೊಡ್ಡಬಳ್ಳಾಪುರದಲ್ಲಿ ಘಾಟಿ ದರ್ಶನ ಆದ ಮೇಲೆ ಮಗ್ಗದ ಬೀದಿಗಳಿಗೆ ಕರೆದುಕೊಂಡು ಹೋಗಿ. ವಿಮರ್ಶಕ ಡಿ.ಆರ್. ನಾಗರಾಜ್ ಹುಟ್ಟಿದ್ದು ಇಲ್ಲಿನ ನೇಕಾರರ ಮನೆಯಲ್ಲಿ. ಸೂರತ್ತಿನ ಸೀರೆಯ ಪೈಪೋಟಿಯಲ್ಲಿ ಮಗ್ಗದವರು ಹೇಗೆ ಬದುಕುತ್ತಿದ್ದಾರೆ ಅನ್ನೋದನ್ನು ಕಣ್ಣಾರೆ ನೋಡಲಿ. ಬೇಕಾದವರು ನೇಕಾರರ ಕೈಯಿಂದಲೇ ಒಂದು ಸೀರೆ ಕೊಳ್ಳಲಿ. ಕೆರೆ ತೋರಿಸಬೇಡಿ, ಮಾನ ಹೋಗುತ್ತೆ ಅಂತ ಒಬ್ಬರು ಹೇಳಿದರು. ನಾನು ಒಪ್ಪೋಲ್ಲ. ದೊಡ್ಡತುಮಕೂರು ಕೆರೆಗೆ ಕೊಳಚೆ ನೀರು ಸೇರುವುದರ ವಿರುದ್ಧ ಊರವರು ಹೋರಾಡಿಕೊಂಡು ಬಂದಿದ್ದಾರೆ. ನೆಂಟರು ಅದನ್ನೂ ನೋಡಲಿ. ಅವರ ಊರಿನಲ್ಲೂ ಕೆರೆ ಇರುತ್ತದೆ.

ಕೌಂಟರಿನ ಪಕ್ಕ ಒಂದು ನೋಟ್ ಪುಸ್ತಕ ಇಡಲು ಕಾರ್ಯದರ್ಶಿಗಳಿಗೆ ಹೇಳಿದ್ದೇನೆ. ಎಷ್ಟು ಜನರನ್ನು ಇಳಿಸಿಕೊಳ್ಳಬಹುದು, ಬಚ್ಚಲಿಗೆ ಚಿಲಕ ಇದೆಯೋ ಇಲ್ಲವೋ, ಹೆಚ್ಚಿಗೆ ಕಂಬಳಿ ಎಷ್ಟಿದೆ, ಇವಿಷ್ಟನ್ನು ಸಂಜೆ ಹಾಲು ಹಾಕಲು ಬಂದಾಗ ಬರೆಸಿ. ಮನೆಯಲ್ಲಿ ಹೆಂಗಸರನ್ನು ಕೇಳಿಕೊಂಡೇ ಬರೆಸಿ.